ಗೋಡೆ ಪಕ್ಕದ ಸೀಟಿನವರು

ಅವರ ಜೊತೆ ಸಿನಿಮಾಕ್ಕೆ ಹೋದವರು ಅವರ ಪಕ್ಕದಲ್ಲಿ ಕೂತು ಸಿನಿಮಾ ನೋಡಿದ್ದು ಕಡಿಮೆ. ಟಿಕೆಟ್ ಕೊಳ್ಳುವಾಗಲೇ ಅವರು ತಮಗೊಂದು ಸೀಟನ್ನು ಬೇರೆಯಾಗಿ ಕೇಳುತ್ತಿದ್ದರು. ಎಡಕ್ಕೋ ಬಲಕ್ಕೋ ಗೋಡೆಗೆ ಅಂಟಿಕೊಂಡಿರುವ, ಪರದೆಗೆ ತೀರ ಹತ್ತಿರದ, ಕತ್ತು ತಿರುಚಿಕೊಂಡು ನೋಡಬೇಕಾದ ಸೀಟು. ಕೌಂಟರಿನವನು "ಮ್ಯಾಡಮ್, ಬೀಚ್ ಮೇ ಖಾಲಿ ಹೈ ನಾ" ಎಂದು ನಡುವಿನ ಸೀಟು ತೋರಿಸಿದರೆ, "ಮಾಲೂಮ್ ಹೈ, ವಹೀ ದೋ" ಎಂದು ಗೋಡೆ ಪಕ್ಕದ್ದನ್ನೇ ಕೇಳುತ್ತಿದ್ದರು. ಅವರ ಯಜಮಾನರು ಮಾತ್ರ ಹಾಲ್‌ನ ಉದ್ದದಲ್ಲಿ ಮೂರರಲ್ಲಿ ಎರಡು ಪಾಲು ಹಿಂದೆ, ನಟ್ಟನಡುವೆ, ರಾಜನ ಹಾಗೆ ಕೂರುತ್ತಿದ್ದರು.

"ಎಲ್ಲಿ ಕೂತರೆ ಚೆನ್ನಾಗಿ ಕೇಳಿಸುತ್ತೆ ಅಂತ ಹೇಳಿಕೊಟ್ಟಿದ್ದು ಇವಳೇ. ಹೇಳಿಕೊಟ್ಟು ತಾನು ಎದ್ದು ಹೋದಳು" ಎಂದು ಅವರು ನಗುತ್ತಿದ್ದರು.

ಯಾಕೆ ಹಾಗೆ ಎಂದು ನಾನೊಮ್ಮೆ ಆಕೆಯನ್ನೇ ಕೇಳಿದ್ದೆ. "ಒಳ್ಳೇ ಜಾಗದಲ್ಲಿ ಕೂತ್ರೆ ಎಲ್ಲ ಹಾಲೂ ಚೆನ್ನಾಗೇ ಇರುತ್ತೆ ಸಾರ್. ಮೂಲೆಯಲ್ಲಿ ಕೂತವರೂ ಅದೇ ಸಿನಿಮಾ ನೋಡೋಕ್ಕೆ ಬಂದಿರ್ತಾರಲ್ವಾ" ಎಂದರು. ಹೇಳುವಾಗ ದನಿಯಲ್ಲಿ ಉಪದೇಶವಿರಲಿಲ್ಲ. ಅಡುಗೆ ಮಾಡಿದವರು ಉಪ್ಪು ನೋಡುವ ಹಾಗೆ ಅದು ಅವರಿಗೆ ಕೆಲಸದ ಒಂದು ಭಾಗವಾಗಿತ್ತು.

ಕಳೆದ ತಿಂಗಳು ಅವರು ಠಾಣೆ ನಗರದ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಸುದ್ದಿ ಬಂದಾಗ ನಾನು ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲಿದ್ದೆ. ಇಳಿಯಬೇಕಾದ ಮೆಟ್ಟಿಲು ಯಾವುದೆಂದು ಸ್ವಲ್ಪ ಹೊತ್ತು ತಿಳಿಯಲಿಲ್ಲ. ಜನ ನನ್ನನ್ನು ತಳ್ಳಿಕೊಂಡು ಹೋಗುತ್ತಿದ್ದರು. ಅವರ ಜೀವನ ಚರಿತ್ರೆ ನನಗೆ ಪೂರ್ತಿ ಗೊತ್ತಿಲ್ಲ. ಕಣ್ಣಾರೆ ಕಂಡದ್ದನ್ನು, ಕಿವಿಯಾರೆ ಕೇಳಿದ್ದನ್ನು ಮಾತ್ರ ಬರೆಯುತ್ತೇನೆ.

ಸಿನಿಮಾ ಹಾಲ್‌ಗಳ ಗೋಡೆ, ಸೂರು, ಕುರ್ಚಿಗಳ ಸಾಲು ಹೇಗಿದ್ದರೆ ಒಳಗೆ ಕೂತವರಿಗೆ ಶಬ್ದ ಹೇಗೆ ತಲುಪುತ್ತದೆ ಎಂದು ಲೆಕ್ಕ ಹಾಕಿ ನಕ್ಷೆ ಮಾಡುವುದು ಅವರ ಕೆಲಸ. ಮೈಸೂರಿನವರು, ಅಲ್ಲಿಯೇ ಇಂಜಿನಿಯರಿಂಗ್ ಓದಿದವರು. ಠಾಣೆ, ವಾಶಿ, ಕಲ್ಯಾಣದಲ್ಲಿ ಮಾಲ್‌ಗಳು ಏಳುತ್ತಿದ್ದ ಕಾಲದಲ್ಲಿ ಇಂಥ ಕೆಲಸ ಮಾಡುವ ಕಂಪನಿಯೊಂದಕ್ಕೆ ಸೇರಿ ಇಲ್ಲಿಯೇ ಉಳಿದರು. ಮನೆ ಮಾಜಿವಾಡಾ ಜಂಕ್ಷನ್ನಿನ ಹತ್ತಿರ. ಹೈವೇಯ ಸದ್ದು ಹಗಲಿಡೀ ಒಳಗೆ ಬರುತ್ತಿತ್ತು. ಶಬ್ದದ ಕೆಲಸದವರು ಇಂಥ ಮನೆ ಹೇಗೆ ಹಿಡಿದಿರಿ ಎಂದರೆ, "ಡ್ಯೂಟಿ ಮುಗಿದ ಮೇಲೆ ಕಿವೀನ ಬಾಗಿಲಲ್ಲೇ ಬಿಟ್ಟು ಬರ್ತೀನಿ" ಎನ್ನುತ್ತಿದ್ದರು. ಅದು ಸುಳ್ಳು. ಮಾತಿನ ಮಧ್ಯೆ ಅವರ ಮುಖ ಸ್ವಲ್ಪ ಓರೆಯಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆಗ ಎಲ್ಲೋ ಒಂದು ಕಿಟಕಿಯ ಗಾಜು ಅದುರುತ್ತಿರುತ್ತಿತ್ತು.

ಹೊಸ ಹಾಲ್‌ಗೆ ಕಾಲಿಟ್ಟರೆ ಅವರು ಮೊದಲು ಗೋಡೆಯ ಮೇಲೆ ಅಂಗೈ ಇಡುತ್ತಿದ್ದರು. ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ, ಒತ್ತದೆ, ಸ್ವಲ್ಪ ಹೊತ್ತು. ವಾಶಿಯಲ್ಲಿ ಒಂದು ಥಿಯೇಟರಿನ ಕೆಲಸ ನಡೆಯುತ್ತಿದ್ದಾಗ ನಾನು ಜೊತೆಗೆ ಹೋಗಿದ್ದೆ. ಗುತ್ತಿಗೆದಾರ ಉತ್ಸಾಹಿ ಮನುಷ್ಯ. ನಕ್ಷೆಯಲ್ಲಿ ದಪ್ಪ ಬಟ್ಟೆ ಹೊದಿಸಿದ ಹಲಗೆ ಎಂದಿದ್ದ ಕಡೆ, ಚಂದ ಕಾಣಲಿ ಎಂದು, ಮೇಲೆ ಹೊಳೆಯುವ ಪ್ಲೈವುಡ್ ಹೊಡೆಸಿದ್ದ. ಇವರು ಅಂಗೈ ಇಟ್ಟರು, ತೆಗೆದರು. "ಭಾಊ, ಇದು ಯಾರ ಮನೆ ಶೋಕೇಸ್?" ಎಂದು ಮರಾಠಿಯಲ್ಲಿ ಕೇಳಿದರು. ಅವನು ನಕ್ಕ. ಅವರು ನಗಲಿಲ್ಲ. ಮರುವಾರ ಪ್ಲೈವುಡ್ ಇರಲಿಲ್ಲ.

ಕುರ್ಚಿಗಳ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು. ಜನ ತುಂಬಿದ ಹಾಲ್‌ನಲ್ಲಿ ಮೈ, ಬಟ್ಟೆ ಎಲ್ಲ ಸೇರಿ ಶಬ್ದವನ್ನು ಹೀರಿಕೊಳ್ಳುತ್ತವೆ. ಅದೇ ಹಾಲ್ ಖಾಲಿ ಇದ್ದರೆ ಸದ್ದು ಗೋಡೆಯಿಂದ ಗೋಡೆಗೆ ಓಡಾಡುತ್ತದೆ. ಇದನ್ನು ಅವರು ನನಗೆ ವಿವರಿಸಿದ್ದು ಕಲ್ಯಾಣದಿಂದ ಹೊರಟ ಲೋಕಲ್ ಗಾಡಿಯಲ್ಲಿ. ಬೋಗಿ ಆಗಿನ್ನೂ ಖಾಲಿ. "ಈಗ ಕೇಳಿ ಸಾರ್, ನಮ್ಮ ಮಾತು ಹೇಗೆ ತಗಡಿನ ಡಬ್ಬದಲ್ಲಿ ಕಲ್ಲು ಹಾಕಿದ ಹಾಗಿದೆ" ಎಂದರು. ಡೊಂಬಿವಲಿಯಲ್ಲಿ ಜನ ನುಗ್ಗಿದರು. ಇಬ್ಬರ ಮಧ್ಯೆ ನಾಲ್ಕು ಮೈಗಳು ಬಂದು ನಿಂತವು. ಆ ಸಂದಿಯಿಂದ ಅವರು, "ಈಗ?" ಎಂದರು. ದನಿ ಮೆತ್ತಗೆ, ಹತ್ತಿರದಲ್ಲೇ ಹೇಳಿದ ಹಾಗೆ ಕೇಳಿಸಿತು. ಮಧ್ಯೆ ನಿಂತವನೊಬ್ಬ ಇಬ್ಬರನ್ನೂ ಸಂಶಯದಿಂದ ನೋಡಿದ. ಆದ್ದರಿಂದ ಕುರ್ಚಿಯ ಬೆನ್ನಿಗೂ ಮಡಚಿದಾಗ ಕಾಣುವ ಅದರ ಹೊಟ್ಟೆಗೂ ಬಟ್ಟೆ ಹೊದಿಸಿರಬೇಕೆಂದು ಅವರು ಹಟ ಹಿಡಿಯುತ್ತಿದ್ದರು. ಯಾರೂ ಕೂರದಿದ್ದರೂ ಕುರ್ಚಿಯೇ ಒಬ್ಬ ಮನುಷ್ಯನಷ್ಟು ಶಬ್ದ ಕುಡಿಯಬೇಕು.

ನಕ್ಷೆಯ ಮೇಲೆ ಬೆರಳಿಟ್ಟು ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ: "ಇಲ್ಲಿ ಯಾರು ಕೂರ್ತಾರೆ?" ಎಳೆಮಗುವಿನ ತಾಯಿ ಬಾಗಿಲ ಪಕ್ಕ ಕೂರುತ್ತಾಳೆ, ಮಗು ಅತ್ತರೆ ಎದ್ದುಹೋಗಲು. ವಯಸ್ಸಾದವರು ಕಾಲು ಚಾಚಲು ದಾರಿಯ ಅಂಚಿಗೆ ಕೂರುತ್ತಾರೆ. ಕಿವಿ ಮಂದವಾದವರು ಹತ್ತಿರವಾದರೆ ಕೇಳಿಸೀತೆಂದು ಮುಂದಿನ ಸಾಲಿಗೆ ಬರುತ್ತಾರೆ. ಅಲ್ಲಿ ಒಂದೇ ಸ್ಪೀಕರ್ ಅವರನ್ನು ಹೊಡೆಯುತ್ತದೆ, ಮಾತು ಉಳಿಯುವುದಿಲ್ಲ. ಕಟ್ಟಕಡೆಯ ಸಾಲಿನವರಿಗೆ ಗೋಡೆ ಬೆನ್ನಿಗಿರುತ್ತದೆ, ಗುಡುಗಿನಂಥ ತಗ್ಗು ಸದ್ದೆಲ್ಲ ಅಲ್ಲಿ ಬಂದು ಗುಡ್ಡೆ ಬೀಳುತ್ತದೆ. ಮಧ್ಯದ ಸೀಟುಗಳನ್ನು ಅವರು ಆಸ್ತಿಯ ಹಾಗೆ ಕಾಯುತ್ತಿದ್ದರು. ಎಡಬಲದ ಸ್ಪೀಕರ್‌ಗಳು ಸಮನಾಗಿ ಕೇಳಿಸುವುದು ಅಲ್ಲಿ ಮಾತ್ರ. ಹಾಲ್‌ನ ನಡುವೆ ಓಡಾಡಲು ದಾರಿ ಬಿಡುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಊಟದ ಎಲೆ ಮಧ್ಯಕ್ಕೆ ಕಾಲಿಟ್ಟ ಹಾಗೆ" ಎನ್ನುತ್ತಿದ್ದರು. ತಾವು ಮಾಡಿದ ಯಾವ ಥಿಯೇಟರಿನಲ್ಲೂ ಅವರು ನಡುದಾರಿ ಬಿಟ್ಟಿರಲಿಲ್ಲ.

ಬಿಟ್ಟದ್ದು ನಮ್ಮ ಹಾಲ್‌ನಲ್ಲಿ ಮಾತ್ರ. ನನಗೆ ಹೇಳಬೇಕಾಗಿರುವುದು ಅದನ್ನೇ.

ನಾನು ಆಗ ಡೊಂಬಿವಲಿಯಲ್ಲಿ ಕನ್ನಡಿಗರ ಸಂಘವೊಂದರ ಕಾರ್ಯದರ್ಶಿಯಾಗಿದ್ದೆ. ಭಾನುವಾರ ಬೆಳಗಿನ ಆಟಕ್ಕೆ ನಮಗೆ ಕನ್ನಡ ಸಿನಿಮಾ ಹಾಕಲು ಬಿಡುತ್ತಿದ್ದ ಹಳೆಯ ಥಿಯೇಟರ್‌ಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಮಾಲ್‌ಗಳಲ್ಲಿ ನಮಗೆ ಜಾಗ ಸಿಗುವಂತಿರಲಿಲ್ಲ. ಸಂಘ ಹೊಸದಾಗಿ ಕಟ್ಟುತ್ತಿದ್ದ ಹಾಲ್‌ನಲ್ಲೇ ಪರದೆ, ಪ್ರೊಜೆಕ್ಟರ್, ಸ್ಪೀಕರ್ ಹಾಕಿಸುವುದೆಂದು ನಿರ್ಧಾರವಾಯಿತು. ಕಟ್ಟಡ ಸಮಿತಿಯಲ್ಲಿ ಹೆಚ್ಚಿನವರು ಉಡುಪಿ ಕಡೆಯ ಹೋಟೆಲಿನವರು. ಗೋಡೆ ಎಂದರೆ ನೀರು ಹಾಕಿ ತೊಳೆಯಲು ಬರಬೇಕು ಎಂಬುದು ಅವರ ಜೀವಮಾನದ ಅನುಭವ. ಎರಡೂ ಪಕ್ಕದ ಗೋಡೆಗಳಿಗೆ ಆಳೆತ್ತರಕ್ಕೂ ಮೀರಿ ಬಿಳಿ ಟೈಲ್ಸ್ ಹಾಕಿಸಿದರು. ಹಿಂದಿನ ಗೋಡೆಗೆ ದಾನಿಗಳ ಹೆಸರು ಕೆತ್ತಿದ ಕರಿಯ ಗ್ರಾನೈಟ್ ಫಲಕಗಳು ಬಂದವು. ಮುಖ ಕಾಣುವಷ್ಟು ಹೊಳಪು. ಉದ್ಘಾಟನೆಯ ದಿನ ಎಲ್ಲರೂ ಆ ಗೋಡೆಗಳನ್ನು ಸವರಿ ಸವರಿ ಸಂತೋಷಪಟ್ಟರು.

ಮೊದಲ ಸಿನಿಮಾದ ದಿನ ಹಾಡು ಕೇಳಿಸಿತು, ಮಾತು ಯಾರಿಗೂ ತಿಳಿಯಲಿಲ್ಲ. ಟಿಟ್ವಾಳಾದಿಂದ ಬಂದಿದ್ದ ಒಬ್ಬ ಅಜ್ಜಿ ಮೊಮ್ಮಗಳನ್ನು ತಿವಿಯುತ್ತಲೇ ಇದ್ದರು. "ಏನಂದಳೇ ಅವಳು? ಏನಂದಳು?"

"ಪತಾ ನಹೀ ಆಜಿ. ಮುಝೆ ಇತನಾ ಕನ್ನಡಾ ನಹೀ ಆತಾ."

ಹುಡುಗಿಯ ತಾಯಿ ತಲೆ ತಗ್ಗಿಸಿದಳು. "ಮನೇಲಿ ಮಾತಾಡಿದ್ರೆ ತಾನೇ ಬರೋದು" ಎಂದು ಅಜ್ಜಿ ಸೊಸೆಯ ಕಡೆ ಬಾಣ ಬಿಟ್ಟರು. ಮುಂದಿನ ಸಾಲಿನಲ್ಲಿ, ಗೋಡೆಗೆ ಒತ್ತಿಕೊಂಡು ಕೂತಿದ್ದ ಒಬ್ಬ ಹೆಂಗಸು ಎದ್ದುಬಂದು ಹುಡುಗಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಸಣ್ಣ ದನಿಯಲ್ಲಿ, "ನಿನ್ನ ಹೊಸಾ ಚಪ್ಪಲಿ ಯಾವ ಬಣ್ಣದ್ದು? ಯಾರು ಕೊಡಿಸಿದ್ರು?" ಎಂದರು. ಹುಡುಗಿ, "ಪಿಂಕ್. ಮಾಮಾನೆ ದಿಯಾ" ಎಂದಳು. ಅವರು ಎದ್ದು, ಪಕ್ಕದಲ್ಲಿ ನಿಂತಿದ್ದ ನನಗೆ ಹೇಳಿದರು: "ಈ ಮಗುವಿಗೆ ಕನ್ನಡ ಬರುತ್ತೆ ಸಾರ್. ನಿಮ್ಮ ಗೋಡೆಗೆ ಬರಲ್ಲ."

ನಾನು ಅವರನ್ನು ನೋಡಿದ್ದು ಅದೇ ಮೊದಲು. ಅವರ ಯಜಮಾನರು ನಮ್ಮ ಅಧ್ಯಕ್ಷರ ಪರಿಚಯದವರಾಗಿದ್ದರಿಂದ ಬಂದಿದ್ದರು. ಮುಂದಿನ ಭಾನುವಾರ ಟೇಪು, ಮೈಕು, ಒಂದು ಸಣ್ಣ ಯಂತ್ರ ಹಿಡಿದುಕೊಂಡು ತಾವಾಗಿಯೇ ಬಂದರು.

ಟೈಲ್ಸ್ ಗೋಡೆಗೆ ಮರದ ಪಟ್ಟಿ, ಅದರ ಹಿಂದೆ ಹತ್ತಿಯಂಥ ಹಾಸು ಬಂತು. ಹೋಟೆಲಿನವರು ಸಂಕಟಪಟ್ಟು ಒಪ್ಪಿದರು. ದಾನಿಗಳ ಫಲಕಗಳನ್ನು ಒಳಗಿನಿಂದ ತೆಗೆದು ಮೆಟ್ಟಿಲಿನ ಗೋಡೆಗೆ ಹಾಕಲು ಎಲ್ಲ ದಾನಿಗಳೂ ಒಪ್ಪಿದರು, ಒಬ್ಬರನ್ನು ಬಿಟ್ಟು.

ಅವರು ಕೋಪರಖೈರಣೆಯಲ್ಲಿ ಸಸ್ಯಾಹಾರಿ ಹೋಟೆಲ್ ನಡೆಸುತ್ತಿದ್ದ ಭಟ್ಟರು. ಕಾಲೇಜಿಗೆ ಹೋಗುತ್ತಿದ್ದ ಅವರ ಒಬ್ಬನೇ ಮಗ ಅದಕ್ಕೆ ಎರಡು ವರ್ಷ ಮೊದಲು ಜ್ವರದಲ್ಲಿ ತೀರಿಕೊಂಡಿದ್ದ. ಹಿಂದಿನ ಗೋಡೆಯ ನಟ್ಟನಡುವೆ, ಎಲ್ಲಕ್ಕಿಂತ ದೊಡ್ಡದಾಗಿ ಇದ್ದದ್ದು ಅವನ ಹೆಸರಿನ ಕಲ್ಲು. ಮನುಷ್ಯನ ಎತ್ತರ, ಬಾಗಿಲಿಗಿಂತ ಅಗಲ. ಮೆಟ್ಟಿಲಿನ ಗೋಡೆ ಎಂದಾಗ ಭಟ್ಟರು, "ಅಲ್ಲಿ ಜನ ಚಪ್ಪಲಿ ಬಿಡುದು. ಅಲ್ಲಿಗೆ ಅವನನ್ನು ಕಳಿಸುದಿಲ್ಲ" ಎಂದರು. ಕಲ್ಲನ್ನು ಸ್ವಲ್ಪ ಓರೆ ಮಾಡಿದರೂ ಸಾಕಿತ್ತು, ಆದರೆ ಅದಕ್ಕೆ ಗೋಡೆ ಒಡೆಯಬೇಕಾಗುತ್ತಿತ್ತು. ಭಟ್ಟರು ಅದಕ್ಕೂ ಒಪ್ಪಲಿಲ್ಲ. ಹಾಗಾದರೆ ಇದ್ದಲ್ಲೇ ಇರಲಿ, ಸಿನಿಮಾ ನಡೆಯುವಾಗ ಮಾತ್ರ ಕಲ್ಲಿನ ಮೇಲೆ ಒಂದು ದಪ್ಪ ಬಟ್ಟೆಯ ಪರದೆ ಎಳೆಯೋಣ ಎಂದರು ಇವರು. ಭಟ್ಟರು ತಮ್ಮ ಕೈ ನೋಡಿಕೊಂಡರು. ಆಮೇಲೆ ಹೇಳಿದರು: "ಒಂದು ಸಲ ಮುಖದ ಮೇಲೆ ಬಟ್ಟೆ ಎಳೆದದ್ದು ಈ ಕೈ. ಇನ್ನೊಂದು ಸಲ ಆಗುದಿಲ್ಲ ನನ್ನಿಂದ."

ಕಲ್ಲು ಹಾಗೇ ಉಳಿಯಿತು. ಆದರೆ ಉಳಿದ ಗೋಡೆಗಳೆಲ್ಲ ಸುಮ್ಮನಾದ ಮೇಲೆ ಆ ಒಂದು ಕಲ್ಲಿನ ಸದ್ದು ಮೊದಲಿಗಿಂತ ಸ್ಪಷ್ಟವಾಯಿತು. ಸಿನಿಮಾ ಪರದೆಯ ಹಿಂದಿನ ಸ್ಪೀಕರಿನಿಂದ ಹೊರಟ ಮಾತು ನೇರ ಹೋಗಿ ಕಲ್ಲಿಗೆ ಬಡಿದು, ಬಂದ ದಾರಿಯಲ್ಲೇ ಹಿಂದಿರುಗುತ್ತಿತ್ತು. ಹಿಂದಿನ ಸಾಲಿನವರಿಗೆ ಅದು ಗೊತ್ತಾಗುತ್ತಿರಲಿಲ್ಲ. ಮುಂದಿನ ಅರ್ಧದಲ್ಲಿ, ಸರಿಯಾಗಿ ನಡುವೆ ಕೂತವರಿಗೆ ಮಾತ್ರ ಪ್ರತಿಯೊಂದು ಮಾತೂ ಎರಡು ಸಲ ಕೇಳುತ್ತಿತ್ತು. ಮೊದಲನೆಯದು ಮುಗಿಯುವ ಮುಂಚೆ ಎರಡನೆಯದು ಬಂದು ಅದರ ಮೇಲೆ ಬೀಳುತ್ತಿತ್ತು. ನಾವು ಮಕ್ಕಳನ್ನು ಕೂರಿಸಬೇಕೆಂದುಕೊಂಡಿದ್ದ ಜಾಗ ಅದು. ಅತಿಥಿಗಳ ಸೋಫಾ ಇಡುವ ಜಾಗವೂ ಅದೇ.

ಕಣ್ಣಿಗೆ ಕಾಣದ್ದನ್ನು ಭಟ್ಟರು ಹೇಗೆ ನಂಬುತ್ತಾರೆ, ಕಿವಿಯಾರೆ ಕೇಳಿದರೆ ಒಪ್ಪುತ್ತಾರೆ ಎಂದು ಇವರ ಎಣಿಕೆ. ಒಂದು ಮಧ್ಯಾಹ್ನ ಅವರನ್ನು ಕರೆಸಿದರು. ಹಾಲ್‌ನಲ್ಲಿ ಇದ್ದದ್ದು ನಾವು ಮೂವರೇ. ಭಟ್ಟರನ್ನು ನಡುವೆ ನಿಲ್ಲಿಸಿ, ಕಲ್ಲಿನ ಕಡೆ ಮುಖ ಮಾಡಿಸಿ, "ಚಿಕ್ಕದಾಗಿ ಏನಾದ್ರೂ ಕೂಗಿ ಭಟ್ಟರೇ, ಆಮೇಲೆ ಸುಮ್ಮನೆ ಕೇಳಿ" ಎಂದರು.

ಭಟ್ಟರು ಸಂಕೋಚದಿಂದ ಗಂಟಲು ಸರಿಮಾಡಿಕೊಂಡರು. "ಎಂತ ಕೂಗುದು ಮಾರಾಯ್ರೇ" ಎಂದು ನನ್ನ ಕಡೆ ನೋಡಿದರು. ಆಮೇಲೆ ತುಳುವಿನಲ್ಲಿ, ಯಾರನ್ನೋ ಊಟಕ್ಕೆ ಕರೆಯುವ ದನಿಯಲ್ಲಿ, "ಬಲ" ಎಂದರು. ಬಾ ಎಂದು.

ಆ ಮಾತಿನ ತುದಿ ಕಲ್ಲಿನಿಂದ ತಿರುಗಿ ಬಂತು.

ಅವರು ನಿಂತಲ್ಲೇ ನಿಂತರು. ಮತ್ತೊಮ್ಮೆ ಕರೆದರು. ಮತ್ತೆ ಬಂತು. ಮೂರನೆಯ ಸಲ ಅವರು ಕರೆದದ್ದು ಮಗನ ಹೆಸರು. ನಾನು ಕಾಲಡಿಯ ಹಾಸನ್ನು ನೋಡುತ್ತಿದ್ದೆ, ಆದ್ದರಿಂದ ಅವರ ಮುಖ ಹೇಗಿತ್ತೆಂದು ಹೇಳಲಾರೆ. ಇವರ ಮುಖ ನೋಡಿದೆ. ಯಂತ್ರ ಹಿಡಿದ ಕೈ ಹಾಗೇ ನಿಂತಿತ್ತು. ತಾವು ಮಾಡಿದ್ದು ಏನೆಂದು ಅವರಿಗೆ ಆಗಲೇ ತಿಳಿದಿತ್ತು.

ಭಟ್ಟರು ಕುರ್ಚಿಯ ಅಂಚಿನಲ್ಲಿ ಕೂತರು. "ನಾನು ಕೇಳಿದ್ದಕ್ಕೆಲ್ಲ ಅವನು ಹಿಂದಿಯಲ್ಲೇ ಉತ್ತರ ಕೊಡುದು. ಇಲ್ಲದಿದ್ರೆ ಮರಾಠಿ. ನಾನು ಬೈಯುದು, ಅವನಿಗೆ ನಗು. ಇಲ್ಲಿ ನಾನು ತುಳುವಿನಲ್ಲಿ ಕರೆದ್ರೆ ತುಳುವಿನಲ್ಲೇ ಬರ್ತದೆ" ಎಂದರು. ಅಳಲಿಲ್ಲ. ಎದ್ದು ಕೈ ಮುಗಿದು, "ನೀವು ತೋರಿಸಿಕೊಟ್ರಿ ಅಮ್ಮ. ನನಗೆ ಗೊತ್ತೇ ಇರಲಿಲ್ಲ" ಎಂದು ಹೇಳಿ, ಚಪ್ಪಲಿ ಹಾಕಿಕೊಂಡು, ಮೂರುಗಂಟೆಯ ಗಾಡಿಗೆ ಹೊರಟರು.

ಸ್ಟೇಷನ್ನಿನವರೆಗೆ ನಾನು ಇವರ ಜೊತೆ ನಡೆದೆ. ತರಕಾರಿ ಗಾಡಿಗಳ ನಡುವೆ ಅವರು ಒಮ್ಮೆ ನಿಂತು, "ತೋರಿಸಬಾರದಿತ್ತು ಸಾರ್. ಅದೊಂದು ದೋಷ ಅಂತ ತೋರಿಸೋಕ್ಕೆ ಹೋದೆ" ಎಂದರು.

ಇವರು ಕೆಲವು ವಾರ ನಮ್ಮ ಕಡೆ ಬರಲಿಲ್ಲ. ಬಂದದ್ದು ಕುರ್ಚಿಗಳ ಹೊಸ ನಕ್ಷೆಯ ಜೊತೆ. ಅದನ್ನು ಸಮಿತಿಯ ಮೇಜಿನ ಮೇಲೆ ಹಾಸಿದಾಗ ನಮ್ಮ ಅಧ್ಯಕ್ಷರು ಕನ್ನಡಕ ಏರಿಸಿದರು. ಅವರು ಹುಬ್ಬಳ್ಳಿಯವರು, ಮಾತು ಖಡಕ್ಕು. ವೇದಿಕೆಯಿಂದ ಹಾಲ್‌ನ ಅರ್ಧದವರೆಗೆ, ನಟ್ಟನಡುವೆ, ಒಂದು ಅಗಲವಾದ ದಾರಿ. ಅಲ್ಲಿ ಒಂದು ಕುರ್ಚಿಯೂ ಇಲ್ಲ.

"ಏನ್ರೀ ಮೇಡಂ, ಅತಿಥಿಗಳನ್ನ ಎಲ್ಲಿ ಕುಂಡ್ರಸೋದು? ಬಾಜೂಕ ಕುಂಡ್ರಿಸಿದ್ರ ಬೀಗರ ಹಂಗ ಸಿಟ್ಟು ಮಾಡ್ಕೊಂಡು ಹೋಗ್ತಾರ."

"ಅತಿಥಿಗಳು ಸಿನಿಮಾ ನೋಡಲ್ಲ ಸಾರ್. ದೀಪ ಹಚ್ಚಿ ಹೋಗಿಬಿಡ್ತಾರೆ."

ಎಲ್ಲರೂ ನಕ್ಕರು. ಅಧ್ಯಕ್ಷರೂ ನಕ್ಕರು, ಆದರೆ ಬಿಡಲಿಲ್ಲ. "ನಡುವಿನ ಜಾಗಾ ಅಂದ್ರ ಬಂಗಾರ ಅಂತ ನೀವ ಹೇಳಿದ್ರಿ. ಎಲಿ ನಡುವ ಕಾಲು ಇಡಬಾರದು ಅಂದ್ರಿ. ಹೌದಿಲ್ಲೋ?"

"ಹೌದು. ಹೇಳಿದ್ದೆ."

"ಮತ್ತ?"

"ಈ ಹಾಲ್‌ನಲ್ಲಿ ಅದು ಕೂರೋ ಜಾಗ ಅಲ್ಲ ಸಾರ್" ಎಂದರು. ಕಲ್ಲಿನ ಮಾತು ತೆಗೆಯಲಿಲ್ಲ. ಭಟ್ಟರು ಅದೇ ಮೇಜಿನ ತುದಿಯಲ್ಲಿ ಕೂತಿದ್ದರು, ಹೆಗಲ ಮೇಲಿನ ಶಾಲನ್ನು ಮಡಿಸುತ್ತ, ಬಿಚ್ಚುತ್ತ. ಅಧ್ಯಕ್ಷರು ಅವರ ಕಡೆ ಒಮ್ಮೆ, ನಕ್ಷೆಯ ಕಡೆ ಒಮ್ಮೆ ನೋಡಿದರು. ಅವರೂ ದಡ್ಡರಲ್ಲ. "ಆತು, ಹಾಕ್ರಿ ಸಹಿ" ಎಂದು ನನ್ನ ಕಡೆ ಕಾಗದ ತಳ್ಳಿದರು.

ಹೀಗೆ ಕಲ್ಲು ಇದ್ದಲ್ಲೇ ಉಳಿಯಿತು. ಅದು ಹಿಂದಕ್ಕೆ ಕಳಿಸುವ ಮಾತು ಯಾರೂ ಇಲ್ಲದ ದಾರಿಯ ಮೇಲೆ ಬೀಳುವಂತಾಯಿತು. ದಾರಿಯ ಎರಡೂ ಬದಿಗೆ ಮಕ್ಕಳು ಕೂತರು. ಟಿಟ್ವಾಳಾದ ಅಜ್ಜಿ ತಿವಿಯುವುದನ್ನು ಬಿಟ್ಟರು. ಮೊಮ್ಮಗಳು ಈಗ ಅಜ್ಜಿಯನ್ನೇ, "ಶ್, ಸುನ್ ನೇ ದೋ" ಎಂದು ಗದರಿಸುತ್ತಿದ್ದಳು. ಉತ್ತರ ಹಿಂದಿಯಲ್ಲೇ, ಆದರೆ ನಗಬೇಕಾದಲ್ಲಿ ನಗುತ್ತಿದ್ದಳು.

ಭಟ್ಟರು ಸಿನಿಮಾ ಶುರುವಾಗುವ ಮುಂಚೆ ಬರುತ್ತಿದ್ದರು. ಹಾಲ್‌ನಲ್ಲಿ ಯಾರೂ ಇಲ್ಲದಾಗ ಆ ದಾರಿಯಲ್ಲಿ ಸ್ವಲ್ಪ ಹೊತ್ತು ನಿಂತಿರುತ್ತಿದ್ದರು. ಬಾಗಿಲಿನ ಕೀಲಿ ನನ್ನ ಹತ್ತಿರ ಇರುತ್ತಿದ್ದುದರಿಂದ ಇದು ನನಗೆ ಗೊತ್ತು. ನಾನು ಹೊರಗೆ ಪೋಸ್ಟರ್ ಅಂಟಿಸುತ್ತಿರುತ್ತಿದ್ದೆ. ಒಳಗಿನ ಮಾತನ್ನು ಕೇಳಿಸಿಕೊಳ್ಳಲಿಲ್ಲ.

ಆ ದಾರಿಯಿಂದ ಇವರಿಗೆ ಆದ ಕಷ್ಟವನ್ನೂ ಹೇಳಬೇಕು. ಒಂದು ಸಲ ಅವರದೇ ಕೆಲಸದ ಇಬ್ಬರು ತರುಣರು, ಹೊಸ ಹಾಲ್‌ಗೆ ಮಾದರಿ ನೋಡಲೆಂದು ನಮ್ಮಲ್ಲಿಗೆ ಬಂದಿದ್ದರು. ಒಬ್ಬ ನಡುವಿನಲ್ಲಿ ನಿಂತು ಕೈ ತಟ್ಟಿದ. ಸದ್ದು ತಿರುಗಿ ಬಂದಾಗ ಇನ್ನೊಬ್ಬನ ಮುಖ ನೋಡಿ ನಕ್ಕ. "ಸೆಂಟರ್ ಐಲ್, ಊಪರ್ ಸೆ ಇಕೋ ಭೀ. ಕಿಸ್ ನೇ ಕಿಯಾ ಯೇ?" ನಡುದಾರಿಯೂ ಇದೆ, ಮೇಲೆ ಪ್ರತಿಧ್ವನಿ ಬೇರೆ, ಮಾಡಿದ್ದು ಯಾರು ಎಂದು. ಗೋಡೆಯ ಪಕ್ಕದ ಸೀಟಿನಿಂದ ಇವರು, "ಮೈನೇ" ಎಂದರು. ಹುಡುಗರು ಅಲ್ಲಿ ಅವರನ್ನು ಕಂಡಿರಲಿಲ್ಲ. ಇಬ್ಬರೂ ತಡವರಿಸಿದರು. ಕಾರಣ ಇದೆ ಎಂದು ಇವರು ಹೇಳಲಿಲ್ಲ. ನಾನು ಹೇಳಲು ಬಾಯಿ ತೆರೆದಾಗ ತಲೆಯಾಡಿಸಿ ತಡೆದರು. ಆಮೇಲೆ, "ಹೇಳಿದ್ರೆ ಅದು ಕತೆ ಆಗಿಬಿಡುತ್ತೆ ಸಾರ್. ಜನ ಬಂದು ಕೂಗಿ ನೋಡ್ತಾರೆ. ಭಟ್ಟರಿಗೆ ಆ ಜಾಗ ಇಲ್ಲದ ಹಾಗಾಗುತ್ತೆ" ಎಂದರು. ಅವರ ವೃತ್ತಿಯಲ್ಲಿ ಹೆಸರು ಎಂದರೆ ಏನೆಂದು ನನಗೆ ಅಷ್ಟಾಗಿ ಗೊತ್ತಿಲ್ಲ. ಆಮೇಲೆ ನಮ್ಮಂಥ ಸಂಘದವರು ಹಾಲ್ ಕಟ್ಟಿಸುವಾಗ ಅವರನ್ನು ಕರೆಯಲಿಲ್ಲ ಎಂಬುದು ಮಾತ್ರ ಗೊತ್ತು.

ಆಸ್ಪತ್ರೆಯಲ್ಲಿ ನಾನು ಅವರನ್ನು ನೋಡಿದ್ದು ಎರಡು ಸಲ. ಎರಡನೆಯ ಸಲ ಭಟ್ಟರೂ ಇದ್ದರು. ಕೋಪರಖೈರಣೆಯಿಂದ ಡಬ್ಬಿಯಲ್ಲಿ ಗಂಜಿ ತಂದಿದ್ದರು. ಇವರಿಗೆ ಆಗಲೇ ನುಂಗಲು ಕಷ್ಟ. ಪಕ್ಕದ ಹಾಸಿಗೆಯವರ ನರಳಾಟ ಕೇಳುತ್ತಿತ್ತು. "ಮೇಲಿನ ಸೂರು ನೋಡಿ" ಎಂದು ಬೆರಳೆತ್ತಿದರು. "ನುಣ್ಣಗಿದೆ. ಎಲ್ಲರ ನೋವನ್ನೂ ಎಲ್ಲರಿಗೂ ಹಂಚುತ್ತೆ." ನಗಲು ಪ್ರಯತ್ನಿಸಿದರು. ಭಟ್ಟರು ಚಮಚ ಹಿಡಿದುಕೊಂಡೇ ಇದ್ದರು. "ಎರಡು ಚಮಚ ಅಮ್ಮ. ಉಪ್ಪು ಸರಿ ಉಂಟಾ ಅಂತ ಮಾತ್ರ ಹೇಳಿ." ಅವರು ಒಂದು ಚಮಚ ಕುಡಿದು ಸರಿ ಇದೆ ಎಂದರು.

ಶ್ರದ್ಧಾಂಜಲಿ ಸಭೆಯನ್ನು ನಮ್ಮ ಹಾಲ್‌ನಲ್ಲೇ ಇಟ್ಟುಕೊಂಡೆವು. ಮೊದಲು ನಾನು ಮಾತಾಡಬೇಕೆಂದು ನಿಶ್ಚಯವಾಗಿತ್ತು. ಕುರ್ಚಿ ಒರೆಸಿಡೋಣವೆಂದು ಬೆಳಿಗ್ಗೆ ಬೇಗ ಹೋದೆ. ಬಾಗಿಲಲ್ಲಿ ಭಟ್ಟರು ಕಾಯುತ್ತಿದ್ದರು. ಪಕ್ಕದಲ್ಲಿ ಬಟ್ಟೆಯ ದೊಡ್ಡ ಗಂಟು, ಒಂದು ಉದ್ದನೆಯ ಕಬ್ಬಿಣದ ಸರಳು. ಏಣಿ ಕೊಡಿ ಎಂದರು. ನಾನು ಏಣಿ ತಂದೆ, ಹಿಡಿದುಕೊಂಡೆ. ಎಪ್ಪತ್ತು ದಾಟಿದ ಮನುಷ್ಯ. ನಾನು ಹತ್ತುತ್ತೇನೆಂದರೆ ಬಿಡಲಿಲ್ಲ.

ಕಲ್ಲಿನ ಮೇಲ್ಗಡೆ ಎರಡು ಕೊಕ್ಕೆ ಹೊಡೆದು ಸರಳು ಸಿಕ್ಕಿಸಿದರು. ಕಡು ಹಸಿರು ಬಣ್ಣದ ದಪ್ಪ ಬಟ್ಟೆ. ಹೊಲಿಸಿ ತಂದಿದ್ದರು. "ಗೋಡೆಗೆ ತಾಗಬಾರದಂತೆ. ಒಂದು ಗೇಣು ಗಾಳಿಗೆ ಬಿಡಬೇಕಂತೆ. ನೆರಿಗೆ ಜಾಸ್ತಿ ಇರಬೇಕಂತೆ. ಅಮ್ಮ ಆವತ್ತು ಹೇಳಿದ್ರಲ್ಲ" ಎಂದರು. ಅಮ್ಮ ಅದನ್ನು ಹೇಳಿದ್ದು ಹತ್ತು ವರ್ಷಕ್ಕೂ ಹಿಂದೆ. ಭಟ್ಟರು ಆಗ ಬೇಡವೆಂದಿದ್ದರು.

ಬಟ್ಟೆ ಕಲ್ಲಿನ ಒಂದು ಪಕ್ಕದಲ್ಲಿ ಮುದುಡಿಕೊಂಡು ತೂಗುತ್ತಿತ್ತು. ಅವರು ಏಣಿಯಿಂದ ಇಳಿದು, ಅದರ ಅಂಚನ್ನು ಹಿಡಿದುಕೊಂಡರು. ಎಳೆಯಲಿಲ್ಲ. ಮಗನ ಹೆಸರನ್ನು ಓದುತ್ತಿದ್ದರೋ ಏನೋ. ನಾನು, "ಭಟ್ಟರೇ, ಇದು ಬೇಡ. ಅವರೇ ಇದನ್ನು ಹೀಗೆ ಬಿಟ್ಟವರು" ಎಂದೆ.

"ಬಿಟ್ಟರು. ನನಗಾಗಿ ಬಿಟ್ಟರು" ಎಂದರು. "ಇವತ್ತು ನೀವೆಲ್ಲ ಅವರು ಹೋದರು ಅಂತ ಮೈಕಿನಲ್ಲಿ ಹೇಳ್ತೀರಿ. ಅದು ಇಲ್ಲಿಂದ ತಿರುಗಿ ಬರ್ತದೆ. ಒಂದು ಸಾವನ್ನು ಎರಡೆರಡು ಸಲ ಕೇಳಲಿಕ್ಕೆ ನನ್ನಿಂದ ಆಗುದಿಲ್ಲ. ಮಗನ ಕೈಯಿಂದ ಅದನ್ನು ಹೇಳಿಸುದೂ ಬೇಡ."

ಪರದೆ ಎಳೆದರು. ಒಂದೇ ಸಲಕ್ಕೆ, ಕೊನೆಯವರೆಗೆ. ನೆರಿಗೆಗಳನ್ನು ಕೈಯಿಂದ ಸರಿಮಾಡಿದರು. ಆಮೇಲೆ ಮೂಲೆಯಿಂದ ಮಡಚುವ ಕುರ್ಚಿಗಳನ್ನು ತಂದು ನಡುದಾರಿಯಲ್ಲಿ ಹಾಕತೊಡಗಿದರು. ನಾನೂ ಹಾಕಿದೆ. ಜನ ಬಂದರು, ಅವರ ಯಜಮಾನರು ಬಂದರು. ಭಟ್ಟರು ಕಲ್ಲಿಗೆ ಬೆನ್ನು ಮಾಡಿ ಆ ನಡುವಿನ ಕುರ್ಚಿಯೊಂದರಲ್ಲಿ ಕೂತರು. ಯಜಮಾನರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

ನಾನು ಮೈಕಿನ ಮುಂದೆ ನಿಂತೆ. ಬರೆದುಕೊಂಡದ್ದು ಜೇಬಿನಲ್ಲಿತ್ತು, ತೆಗೆಯಲು ಆಗಲಿಲ್ಲ. ಮೊದಲು ಅವರ ಹೆಸರು ಹೇಳಿದೆ. ಅದು ಹಾಲ್‌ನ ಕೊನೆಯವರೆಗೆ ಹೋಯಿತು, ಒಂದೇ ಸಲ ಕೇಳಿಸಿತು.